ಹಳದಿ ದೀಪ ಹಸಿರಾಗುವ ತನಕ

ಹೋದ ವಾರ ತಿಕೋಟಾದ ಶೀತಲ ಗೋದಾಮಿನಲ್ಲಿ ಹಳೆಯ ನೆಟ್‌ವರ್ಕ್ ಸ್ವಿಚ್ಚೊಂದನ್ನು ಗೋಡೆಯಿಂದ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಕಂಪ್ಯೂಟರ್ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು. ಅದರ ಜಾಲರಿಯ ಸಂದಿಯಿಂದ ಒಣದ್ರಾಕ್ಷಿಯ ವಾಸನೆ ಬಂತು. ಸಿಹಿ, ತುಸು ಹುಳಿ, ಜೊತೆಗೆ ಬಿಸಿ ಧೂಳು. ಕಣ್ಣು ಮುಚ್ಚಿದೆ... ಕಾಕಾ ಬಂದು ಪಕ್ಕದ ಕ್ರೇಟಿನ ಮೇಲೆ ಕೂತಂತಾಯಿತು.

ಕಾಕಾ ನನಗೆ ಬಂಧುವಲ್ಲ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಕಂಪ್ಯೂಟರ್ ಅಂಗಡಿ. ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿ. ಜಂಬದ ಮನುಷ್ಯ. ಇಸ್ತ್ರಿಯ ಅಂಗಿ, ಕಪ್ಪು ಕನ್ನಡಕ, ಜೇಬಿನಲ್ಲೊಂದು ಬಾಚಣಿಕೆ. ಬಬಲೇಶ್ವರದಿಂದ ತಿಕೋಟಾದವರೆಗೆ ತನ್ನಂತೆ ನೆಟ್‌ವರ್ಕ್ ಹಾಕುವವ ಇನ್ನೊಬ್ಬ ಹುಟ್ಟಿಲ್ಲವೆಂದು ಗಿರಾಕಿಯ ಮುಂದೆಯೇ ಹೇಳಿಕೊಳ್ಳುತ್ತಿದ್ದರು. ತಮಾಷೆಯೆಂದರೆ ಅದು ಬಹುಮಟ್ಟಿಗೆ ನಿಜವಾಗಿತ್ತು.

ಆದರೆ ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಿತ್ತು. ಒಂದು ದಿನ ಇದೇ ಗೋದಾಮಿಗೆ ಹೊರಟಿದ್ದಾಗ ತಿಕೋಟಾದ ಬಸ್ಸಿನಲ್ಲಿ ತಾವಾಗಿಯೇ ಹೇಳಿದರು.

"ತಂಗಿ, ನನಗ ಬಣ್ಣ ಕಾಣವಲ್ದು. ಪರದೆ ಮ್ಯಾಲಿನ ಅಕ್ಷರಾನೂ ಅಷ್ಟ. ದೀಪದ ಬಣ್ಣ ನೀ ಹೇಳು, ಹುಕುಂ ನಾ ಹೇಳ್ತೀನಿ. ಗೋದಾಮಿನ ಮಾಲಕಗ ಮಾತ್ರ ಗೊತ್ತಾಗಬಾರದು. ಕುರುಡನ ಕೈಯಾಗ ಯಾರ ಕೆಲಸ ಕೊಡ್ತಾರ?"

ಆ ದನಿಯಲ್ಲಿ ಜಂಬದ ಸುಳಿವೂ ಇರಲಿಲ್ಲ. ಕೆಲಸ ಕೈತಪ್ಪಿದರೆ ಈ ಮನುಷ್ಯ ಉಳಿಯುವುದಿಲ್ಲ ಅನ್ನಿಸಿ ನನಗೆ ಸಂಕಟವಾಯಿತು. ಹೂಂ ಅಂದೆ.

ಗೋದಾಮಿನಲ್ಲಿ ಅಂದು ಗದ್ದಲವೋ ಗದ್ದಲ. ಕಚೇರಿ, ಮುಂದಿನ ಗೋದಾಮು, ಹಿಂದಿನ ಗೋದಾಮು, ಮೂರೂ ಕಡೆ ಒಂದೊಂದು ಸ್ವಿಚ್ಚು, ನಡುವೆ ಕೇಬಲ್ಲು. ಹಿಂದಿನ ಗೋದಾಮಿನಲ್ಲಿ, ಮುಂದಿನದರಿಂದ ಬಂದ ಒಂದು ಕೇಬಲ್ಲಿನ ತುದಿ ಜೋತುಬಿದ್ದಿತ್ತಂತೆ. ಕಸ ಗುಡಿಸಲು ಬಂದವಳು, ನೋಡಲು ಚೆಂದವಿಲ್ಲವೆಂದು ಅದನ್ನು ಖಾಲಿ ತೂತಿಗೆ ಸಿಕ್ಕಿಸಿದ್ದಳು. ಅಷ್ಟೇ. ಮೂರೂ ಸ್ವಿಚ್ಚುಗಳು ಸುತ್ತುಗಟ್ಟಿ, ಕಳಿಸಿದ ಮಾಹಿತಿ ಸುತ್ತಿದಲ್ಲೇ ಸುತ್ತತೊಡಗಿತ್ತು. ಕೊಠಡಿಗಳ ತಾಪಮಾನ ತೋರಿಸುವ ಪರದೆ ಕಲ್ಲಾಗಿತ್ತು. ಮಾಲು ಇಟ್ಟಿದ್ದ ದ್ರಾಕ್ಷಿ ಬೆಳೆಗಾರರು ಬಾಗಿಲಲ್ಲಿ ನಿಂತಿದ್ದರು.

"ದೀಪ ಹೆಂಗ ಅದಾವು?" ಎಂದು ಕಾಕಾ ಪಿಸುಗುಟ್ಟಿದರು.

"ಎಲ್ಲಾ ಕೂಡೇ ಹುಚ್ಚು ಹಿಡಿದಂಗ ಮಿಣಕಾಕತ್ತಾವ್ರಿ."

"ಗೋಳಗುಮ್ಮಟದಾಗ ಕೂಗಿದ್ರ ಏಳು ಸಲ ಕೇಳಿ ಸುಮ್ಮನಾಗ್ತೈತಿ. ಇಲ್ಲಿ ಕೂಗಿದ್ದು ಸಾಯಂಗಿಲ್ಲ ನೋಡು. ಅದಕ್ಕ ಯಾರ ಮಾತೂ ಯಾರಿಗೂ ಕೇಳವಲ್ದು."

ಆ ಕೇಬಲ್ಲನ್ನು ಕೀಳಿಸಿ, ಮೂರೂ ಸ್ವಿಚ್ಚುಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬುದನ್ನು ಶುರು ಮಾಡಿಸಿದರು. ಸುತ್ತು ಕಂಡರೆ ಒಂದು ದಾರಿಯನ್ನು ತಾನಾಗಿಯೇ ಮುಚ್ಚಿ, ಬೇಕಾದಾಗ ತೆರೆಯುವ ವ್ಯವಸ್ಥೆ ಅದು. ಕಾಕಾ ಕ್ರೇಟಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿ ಹುಕುಂ ಹೇಳುವರು, ನಾನು ಲ್ಯಾಪ್‌ಟಾಪಿನಲ್ಲಿ ಒತ್ತುವೆ. ಕಚೇರಿಯ ಸ್ವಿಚ್ಚಿಗೆ ಎಲ್ಲಕ್ಕಿಂತ ಸಣ್ಣ ಅಂಕಿ ಕೊಡಿಸಿದರು.

"ಇವುಗಳ ಲೋಕದಾಗ ಸಣ್ಣ ಅಂಕಿ ಇದ್ದದ್ದ ಯಜಮಾನ. ನಾವು ಹೇಳಲಿಲ್ಲಂದ್ರ ಮೂಲ್ಯಾಗಿನ ಯಾವುದಾರ ಹಳೇ ಪೆಟಿಗಿ ಯಜಮಾನಕಿ ಮಾಡ್ತೈತಿ, ನಮ್ಮ ಮನ್ಯಾಗಿನ ಮುದುಕನಂಗ."

ಕಂಪ್ರೆಸರಿನ ಗುಂಯ್ ಎನ್ನುವ ಸದ್ದು, ಬಾಗಿಲ ಸಂದಿಯ ತಣ್ಣನೆ ಗಾಳಿ, ಒಣದ್ರಾಕ್ಷಿಯ ಸಿಹಿ... ಆ ಮಧ್ಯಾಹ್ನ ನನಗೆ ಎಚ್ಚರದಲ್ಲೇ ಕಂಡ ಕನಸಿನಂತೆ ಉಳಿದಿದೆ. ಅವರು ಹೇಳಿದ ಒಂದೊಂದು ಹುಕುಮೂ ಈಗ ನೆನಪಿಲ್ಲ. ದನಿ ಮಾತ್ರ ಇದೆ.

ಕೊನೆಗೆ ಹಿಂದಿನ ಗೋದಾಮಿನಲ್ಲಿ ಆ ಕೇಬಲ್ಲನ್ನು ಮತ್ತೆ ಸಿಕ್ಕಿಸಿದೆ. ಅದರ ದೀಪ ಹಳದಿಯಲ್ಲಿ ನಿಂತಿತು; ಉಳಿದವು ಹಸಿರು. ಇದನ್ನು ಕಾಕಾರ ಕಿವಿಯಲ್ಲಿ ಹೇಳಬೇಕು ಅನ್ನುವಷ್ಟರಲ್ಲಿ ಮಾಲೀಕರು ಒಳಗೆ ಬಂದರು.

"ಕಾಕಾ, ಇದೊಂದು ದೀಪ ಯಾಕ್ರಿ ಬ್ಯಾರೆ ಐತಿ? ಕೆಟ್ಟೈತೇನು?"

ಕಾಕಾ ಎದ್ದು ನಿಂತು, ಬರಿಯ ಗೋಡೆಯ ಕಡೆ ಕೈ ತೋರಿಸಿ, ಗತ್ತಿನಿಂದ ಹೇಳಿದರು.

"ಕೆಟ್ಟಿಲ್ರಿ, ಮಲಗೈತಿ. ಕಚೇರಿಯಿಂದ ಬಂದ ಕೇಬಲ್ ಕಿತ್ತು ನೋಡ್ರಿ, ಹೆಂಗ ಎದ್ದು ದುಡಿತೈತಿ."

ಕಿತ್ತೆ. ಹಳದಿ ಹಳದಿಯಾಗಿಯೇ ಇತ್ತು. ಹಳೆಯ ಸ್ವಿಚ್ಚು, ಅದಕ್ಕೆ ಯಾವ ಅವಸರವೂ ಇರಲಿಲ್ಲ. ಕಾಕಾರ ಬೆರಳುಗಳು ಜೇಬಿನ ಬಾಚಣಿಕೆಯನ್ನು ತಡಕುತ್ತಿದ್ದವು. ನಾನು ಉಸಿರು ಬಿಗಿಹಿಡಿದು ಅದೊಂದೇ ಚುಕ್ಕಿಯನ್ನು ನೋಡುತ್ತ ನಿಂತೆ...

"ಹಸರ ಆತ್ರಿ ಕಾಕಾ."

"ಹಾಂ, ಈಗ ಚಾ ಹೇಳು," ಅಂದರು. ಕೆಲಸ ಕೂಡಿಬಂದಾಗಲೆಲ್ಲ ಅವರ ಬಾಯಲ್ಲಿ ಬರುತ್ತಿದ್ದ ಮಾತು ಅದೇ.

ಚಹಾ ಮುಗಿದು ಹೊರಡುವಾಗ ಮಾಲೀಕರು ಮೆಟ್ಟಿಲ ಬಳಿ ಕಾಕಾರ ಕೈ ಹಿಡಿದು, "ಇಲ್ಲಿ ಪಾವಟಿಗಿ ಅದಾವ್ರಿ, ಸಾವಕಾಶ," ಎಂದರು. ಕಾಕಾರ ಹೆಜ್ಜೆ ಅಲ್ಲೇ ನಿಂತಿತು. ಮಾಲೀಕರು ಕೈ ಬಿಡದೆ, ಅದೇ ದನಿಯಲ್ಲಿ ಮುಂದುವರಿಸಿದರು: "ಬರೂ ವರ್ಷ ಇನ್ನೊಂದು ಗೋದಾಮು ಕಟ್ಟಾಂವ ಅದೀನಿ. ನೀವ ಬರಬೇಕ್ರಿ. ತಂಗೀನೂ ಕರ್ಕೊಂಡ ಬರ್ರಿ."

ಬಸ್ಸಿನಲ್ಲಿ ಕಾಕಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅವಗ ಗೊತ್ತೈತಿ, ಹೌದಿಲ್ಲೋ?"

"ಹೂಂ ರಿ."

"ಮತ್ತ ಇಷ್ಟ ದಿನಾ ಸುಮ್ಮಸುಮ್ಮನ ಹೆದರಿದ್ನಲ್ಲ ಬೇ!" ಎಂದು ಜೋರಾಗಿ ನಕ್ಕರು. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮಾಲೀಕರು ಮಾತು ತಪ್ಪಲಿಲ್ಲ, ಹೊಸ ಗೋದಾಮು ಎದ್ದಿತು. ಅದರ ಗೋಡೆ ಏಳುವ ಮೊದಲೇ ಕಾಕಾ ಹೋಗಿಬಿಟ್ಟರು. ಸ್ಟೇಷನ್ ರಸ್ತೆಯ ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಆ ಕಡೆ ಹೋದರೆ ನಾನು ರಸ್ತೆಯ ಎದುರು ಬದಿಯಲ್ಲಿ ನಡೆಯುತ್ತೇನೆ.

ಹೋದ ವಾರ ಆ ಹಳೆಯ ಸ್ವಿಚ್ಚಿನ ಜಾಗದಲ್ಲಿ ಹೊಸದನ್ನು ಕೂಡಿಸಿ, ಕಾಕಾ ಮಾಡಿಸಿದಂತೆಯೇ ಎಲ್ಲ ಹೊಂದಿಸಿ, ಕಚೇರಿಯ ಕೇಬಲ್ಲನ್ನು ಕಿತ್ತು ನೋಡಿದೆ. ಇದು ಚುರುಕು, ಕಣ್ಣು ಮಿಟುಕಿಸುವುದರೊಳಗೆ ಹಳದಿ ಹಸಿರಾಯಿತು. ಉಸಿರು ಹಿಡಿದು ಕಾಯುವ ಆ ಹೊತ್ತೇ ಇಲ್ಲ. ಅಭ್ಯಾಸ ಬಿಡಬೇಕಲ್ಲ, ಬಾಯಿ ತಾನೇ ಅಂದುಬಿಟ್ಟಿತು: "ಹಸರ ಆತ್ರಿ ಕಾಕಾ."

ಪಕ್ಕದ ಕ್ರೇಟಿನ ಮೇಲೆ ಯಾರೂ ಇರಲಿಲ್ಲ. ಆ ಕ್ಷಣಕ್ಕೆ ನನಗೆ ಕಾಕಾ ಬೇಕಾಗಿದ್ದರು, ಮತ್ತೇನೂ ಬೇಡವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮಾಲೀಕರು ನನ್ನ ಮುಖ ನೋಡಲಿಲ್ಲ. "ಚಾ ಹೇಳ್ಲೇನವಾ?" ಎಂದರು.

ತಲೆಯಾಡಿಸಿದೆ. ಚಹಾ ಬಂತು. ಎರಡೇ ಕಪ್ಪು ಇದ್ದವು.