ಗಂಗವ್ವನ ಅಜವಾನದ ಕಷಾಯ

೧೯೮೪ರಲ್ಲಿ ನಾನು ಕಲಘಟಗಿ ತಾಲೂಕಿನ ದುಮ್ಮವಾಡದ ಕಡೆ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯಾಗಿದ್ದೆ. ಹೆರಿಗೆ, ಲಸಿಕೆಗಳ ಜೊತೆಗೆ ಕುಟುಂಬ ಯೋಜನೆಯ ಗುಳಿಗೆ ಹಂಚುವುದೂ ನನ್ನ ಕೆಲಸ. ಹೀಗಾಗಿ ನನ್ನ ಚೀಲದಿಂದ ಯಾವ ಗುಳಿಗೆ ಹೊರಬಂದರೂ ಅದು ಮಕ್ಕಳಾಗದಂತೆ ಮಾಡುವುದೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ತಲೆನೋವಿನ ಗುಳಿಗೆಯನ್ನೂ ಸೊಸೆಯಂದಿರು ಅತ್ತೆಯ ಕಣ್ಣು ತಪ್ಪಿಸಿ ನುಂಗುತ್ತಿದ್ದರು.

ಎಸ್ಸೆಸ್ಸೆಲ್ಸಿ ಓದುತ್ತಿದ್ದ ನಿರ್ಮಲಾ ತಾಯಿಯಿಲ್ಲದ ಹುಡುಗಿ. ಮುಟ್ಟಾದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು, ಶಾಲೆ ತಪ್ಪುತ್ತಿತ್ತು. ತಂದೆ ಬಸಪ್ಪ ಕೆಟ್ಟವನೇನಲ್ಲ. ಆದರೂ ನನಗೆ ಹೇಳಿದ: “ಪರೀಕ್ಷಾ ತಪ್ಪಿಸಿದ್ಲಂದ್ರ ಸಾಲಿ ಬಿಡಸ್ತೀನ್ರಿ ಬಾಯಾರ. ಲಗ್ನಾ ಆದ್ರ ಹೊಟ್ಟಿಬ್ಯಾನಿನೂ ಹೋಗತೈತಿ ಅಂತಾರ.” ನನಗೆ ಸಿಟ್ಟು ಬಂತು, ಹುಡುಗಿಯನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರು ಪರೀಕ್ಷಿಸಿ, ಬೇರೆ ರೋಗವಿಲ್ಲ, ಇದು ಡಿಸ್ಮೆನೋರಿಯಾ, ಗರ್ಭಕೋಶ ಹಿಂಡಿಕೊಳ್ಳುವುದರಿಂದ ಬರುವ ಮುಟ್ಟಿನ ನೋವು ಎಂದರು. ಗುಳಿಗೆಯನ್ನೂ ಬರೆದುಕೊಟ್ಟರು. ಅದೂ ಮಕ್ಕಳಾಗದಂತೆ ಮಾಡುವ ಗುಳಿಗೆಯೇ ಎಂದು ಅಜ್ಜಿ ಗಂಗವ್ವ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅಜವಾನ, ಒಣಶುಂಠಿ, ಬೆಲ್ಲದ ಕಷಾಯ ತಾನು ಕೊಡುತ್ತಿದ್ದೇನೆ, ಅದೇ ಸಾಕು ಎಂದಳು.

“ಯಾವಾಗ ಕೊಡತೀರಿ ಅಜ್ಜಿ?” ಎಂದು ಕೇಳಿದೆ.

“ತಲಿಮ್ಯಾಲೆ ನೀರ ಹಾಕ್ಕೊಂಡ ಮ್ಯಾಲ. ಮುಟ್ಟಿನಾಗ ಔಷಧ ಮುಟ್ಟಿದ್ರ ಅದರ ಗುಣಾ ಹೋಗತೈತ್ರಿ.”

ಅಂದರೆ ಮುಟ್ಟು ಕಳೆದು ಮಿಂದ ಮೇಲೆ. ಅಷ್ಟರಲ್ಲಿ ನೋವು ತಾನಾಗಿಯೇ ಹೋಗಿರುತ್ತಿತ್ತು, ಹೆಸರು ಮಾತ್ರ ಕಷಾಯಕ್ಕೆ ಬರುತ್ತಿತ್ತು. ನಗು ತಡೆದುಕೊಂಡು ಕೇಳಿದೆ: “ಬಾಣಂತಿಗೂ ಮೈಲಿಗಿ ಇರತೈತಲ್ರಿ. ಆಕಿಗೆ ಅಜವಾನ, ಶುಂಠಿ ಕೊಡಂಗಿಲ್ಲೇನು?”

ಗಂಗವ್ವ, “ಖರೇನ ಐತಿ ನೋಡ್ರಿ” ಎಂದಳು.

ಮುಂದಿನ ತಿಂಗಳು ನೋವು ಶುರುವಾದ ಕೂಡಲೇ ಕಷಾಯ ಕೊಟ್ಟಳು, ಹೊಟ್ಟೆಗೆ ಬಿಸಿ ಬಟ್ಟೆಯ ಶಾಖವನ್ನೂ ಕೊಟ್ಟಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ಹುಡುಗಿ ಎದ್ದು ಕುಳಿತು ಓದುವಷ್ಟು ತಗ್ಗಿತು.

ಗಣಿತ ಪರೀಕ್ಷೆಯ ದಿನವೇ ಮುಟ್ಟು ಬಂತು. ಬೆಳಿಗ್ಗೆ ನಾನು ಹೋದಾಗ ಗಂಗವ್ವ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು, “ಕುಡಿ ನನ್ನವ್ವ” ಎನ್ನುತ್ತ ತಾನೇ ಲೋಟ ಹಿಡಿದಿದ್ದಳು. ಮುಟ್ಟಿನ ದಿನಗಳಲ್ಲಿ ಅವಳನ್ನು ಮುಟ್ಟಿದರೆ ಸೀರೆ ಸಮೇತ ಮೀಯುತ್ತಿದ್ದ ಮುದುಕಿ. ನನ್ನ ಕಣ್ಣು ತುಂಬಿ ಬಂತು. ನಿರ್ಮಲಾ ಪರೀಕ್ಷೆ ಬರೆದಳು, ಪಾಸಾದಳು. ಬಸಪ್ಪ ಲಗ್ನದ ಮಾತು ಎತ್ತಲಿಲ್ಲ.

ಆ ಪರೀಕ್ಷೆಯ ದಿನ ನಿರ್ಮಲಾಳನ್ನು ಬಸ್ಸು ಹತ್ತಿಸಿ ಮರಳುವಾಗ ಗಂಗವ್ವ ಮೆಲ್ಲಗೆ ಅಂದಿದ್ದಳು: “ನನಗೂ ಹಿಂಗ ನೋಯತಿತ್ರಿ. ಯಾರೂ ಕೇಳಿದ್ದಿಲ್ಲ.” ನೋವು ಯಾರಿಗಿದೆ ಎಂದು ವಿಚಾರಿಸುವುದೇ ನನ್ನ ಕೆಲಸವಾಗಿತ್ತು. ಔಷಧ ಕೊಡುವ ಅಜ್ಜಿಯರನ್ನೂ ‘ನಿಮಗೂ ನೋವಿತ್ತೇ’ ಎಂದು ಕೇಳಬೇಕೆಂದು ಕಲಿತದ್ದು ಆ ದಾರಿಯಲ್ಲಿ.