ನಾಲ್ಕು ಹಿತ್ತಾಳೆ ಚಕ್ರ

ರಾಜಾಜಿನಗರದಲ್ಲಿ ಸೈಟಿನ ಗಡಿಕಲ್ಲುಗಳಿಗಿಂತ ರಾಗಿ ಪೈರೇ ಎತ್ತರವಾಗಿದ್ದ ಕಾಲ. ಐವತ್ತರ ದಶಕ ಇನ್ನೂ ಮುಗಿದಿರಲಿಲ್ಲ. ನಮ್ಮ ಬೀದಿಯಲ್ಲಿ ಏಳೋ ಎಂಟೋ ಮನೆ, ಎಲ್ಲಕ್ಕೂ ಹಸಿ ಸುಣ್ಣದ ವಾಸನೆ. ಸಂಜೆ ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು, ಪಕ್ಕದ ಖಾಲಿ ಸೈಟಿನಲ್ಲಿ ಕುಂಟೆಬಿಲ್ಲೆ. ಆ ದಿನಗಳ ಬಗ್ಗೆ ಬರೆಯುವವರೆಲ್ಲ ಎಷ್ಟು ಸೊಗಸಾಗಿತ್ತು ಅಂತಲೇ ಬರೆಯುತ್ತಾರೆ. ಸೊಗಸಾಗಿತ್ತು, ಒಪ್ಪುತ್ತೇನೆ. ನಮ್ಮ ಸೊಗಸಿಗೆ ತೆತ್ತವರು ಯಾರು ಅನ್ನೋದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನನ್ನ ತಕರಾರು ಅಲ್ಲಿದೆ.

ನನಗಾಗ ಹತ್ತು ವರ್ಷ. ಭಾನುವಾರ ಅಪ್ಪನ ಜೊತೆ ಮಾಗಡಿ ರಸ್ತೆಯ ರೈಲ್ವೆ ಗೇಟಿನ ತನಕ ನಡೆದು ಹೋಗಿ ಗೂಡ್ಸ್ ಗಾಡಿ ನೋಡುವುದು ನನ್ನ ಹುಚ್ಚು. ಪ್ಯಾಸೆಂಜರ್ ಗಾಡಿ ನನಗೆ ಬೇಡ. ಅದರಲ್ಲಿ ಬರೀ ಜನ. ಗೂಡ್ಸ್ ಬಂದರೆ ಕಲ್ಲಿದ್ದಲ ಹೊಗೆಯ ಹಿಂದೆಯೇ ಬೆಲ್ಲದ ವಾಸನೆ ಬರೋದು, ಒಂದೊಂದು ದಿನ ಒಣಮೆಣಸಿನಕಾಯಿಯ ಘಾಟು. ಆ ಬೇಸಿಗೆಯಲ್ಲಿ ನಾನೇ ಒಂದು ಗೂಡ್ಸ್ ಡಬ್ಬಿ ಮಾಡುತ್ತೇನೆ ಅಂತ ಹೊರಟೆ. ಅಂಗೈಗಿಂತ ಒಂಚೂರು ಉದ್ದ, ಆದರೆ ಅಸಲಿನಲ್ಲಿ ಏನೇನಿದೆಯೋ ಎಲ್ಲ ಇರಬೇಕು.

"ಹೆಣ್ಣು ಹುಡುಗಿಗೆ ಗೂಡ್ಸ್ ಗಾಡಿ ಯಾಕಮ್ಮಾ? ಮದುವೆಗೆ ಸಾಮಾನು ತುಂಬ್ಸೋಕಾ?" ಅಂತ ಪಕ್ಕದ ಮನೆಯವರು ನಕ್ಕರು.

"ಹೂಂ, ನಿಮ್ಮನೇ ಸಾಮಾನು," ಅಂದೆ. ಅಮ್ಮ ಬೆನ್ನಿಗೊಂದು ಗುದ್ದಿದಳು.

ಡಬ್ಬಿಯ ಮೈ ಸುಲಭ. ದಿನಸಿ ಅಂಗಡಿಯಲ್ಲಿ ಬಿಸಾಕಿದ ಟೀ ಪೆಟ್ಟಿಗೆಯ ತೆಳು ಹಲಗೆ ಸಾಕಾಯಿತು. ಕಷ್ಟವೆಲ್ಲ ಸಣ್ಣಪುಟ್ಟದ್ದರಲ್ಲಿ. ರಿವೆಟ್ಟುಗಳಿಗೆ ಗುಂಡುಸೂಜಿಯ ತಲೆ. ಬ್ರೇಕಿನ ಸರಳಿಗೆ ಮುರಿದ ಛತ್ರಿಯ ಕಡ್ಡಿ. ಬಾಗಿಲ ಚಿಲಕಕ್ಕೆ ಪಿನ್ನು ಬಗ್ಗಿಸಿದೆ. ಡಬ್ಬಿಯ ಹಿಂದೆ ಮುಂದೆ ನಡುಮಧ್ಯೆ ಇರುತ್ತಿದ್ದ, ಪಕ್ಕದ ಡಬ್ಬಿಗೆ ತಾಗುವ ಗುಂಡನೆಯ ಬಫರಿಗೆ ಅಮ್ಮನ ಹಳೇ ರವಿಕೆಯ ಟಿಚ್ ಬಟನ್. ಚಕ್ರದ ಮೇಲಿನ ಸ್ಪ್ರಿಂಗಿಗೆ ಎರಡು ತಿಂಗಳು ಅಲೆದೆ. ಕೊನೆಗೆ ಗಡಿಯಾರ ರಿಪೇರಿಯವನು, "ತಗೊಂಡ್ ಹೋಗು ತಾಯಿ, ನಿನ್ನ ಕಾಟ ತಪ್ಪಿದ್ರೆ ಸಾಕು," ಅಂತ ಕೆಟ್ಟ ಅಲಾರಮ್ಮಿನ ಸುರುಳಿ ಕೊಟ್ಟ.

ಸಿಗದೇ ಉಳಿದದ್ದು ಚಕ್ರ. ರೈಲಿನ ಚಕ್ರಕ್ಕೆ ಒಳಗಡೆ ಅಂಚಿನಲ್ಲಿ ಒಂದು ತುಟಿ ಇರುತ್ತದೆ. ಹಳಿಯಿಂದ ಜಾರದ ಹಾಗೆ ಅದೇ ಹಿಡಿಯುವುದು. ಕೋಟಿನ ಗುಂಡಿ, ಸೋಡಾ ಮುಚ್ಚಳ, ಕುಯ್ದ ನೂಲಿನ ರೀಲು, ಯಾವುದಕ್ಕೂ ಸರಿಯಾದ ತುಟಿ ಇಲ್ಲ.

"ಗುಂಡಿ ಹಾಕಿದ್ರೆ ಓಡಲ್ವೇನೇ?" ಅಂದ ಅಪ್ಪ.

"ಓಡತ್ತೆ. ಹಳಿ ಮೇಲೆ ನಿಲ್ಲಲ್ಲ."

"ಹಳಿ ಎಲ್ಲಿದೆ ನಿನ್ ಹತ್ರ?"

"ಇಲ್ಲ. ಹಳಿ ಇಲ್ಲ ಅಂತ ಚಕ್ರ ಸುಳ್ಳಾಗ್ಬೇಕಾ?"

ಅಪ್ಪ ಅನ್ನ ಕಲಸುವುದು ನಿಲ್ಲಿಸಿ ನಕ್ಕ. ನಮ್ಮಿಬ್ಬರದೂ ಇದೇ ಆಟ. ಊಟಕ್ಕೆ ಕೂತರೆ ನಾನು ಏನು ಹೇಳಿದರೂ ಅಪ್ಪ ಬೇಕಂತಲೇ ಉಲ್ಟಾ ಹೇಳುತ್ತಿದ್ದ. ಚಪ್ಪರದವರೆಕಾಯಿಗಿಂತ ಬದನೆಕಾಯಿ ಮೇಲು ಅಂತ ಸಾಧಿಸಲು ನನಗೆ ಒಂದಿಡೀ ಊಟ ಹಿಡಿದಿದೆ. "ಕಾರಣ ಹೇಳು, ಸುಮ್ನೆ ಕೂಗ್ಬೇಡ," ಅನ್ನುತ್ತಿದ್ದ. ಕಾರಣ ಸರಿಯಿದ್ದರೆ ಸೋತೆ ಅಂತ ಒಪ್ಪುತ್ತಿದ್ದ. ಹೇರೋಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ನೇಗಿಲು ಬಿಟ್ಟು ಲೇತು ಹಿಡಿದವನು ಅವನು. ಹತ್ತಿರದಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್. ಗಿರಗಿರ ತಿರುಗುವ ಲೋಹಕ್ಕೆ ಉಳಿ ಕೊಟ್ಟು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕಡೆಯುವುದು ಅವನ ಕಸುಬು. ಅವನ ಕೈ ಅಂದರೆ ಅಲ್ಲಿ ಎಲ್ಲರಿಗೂ ಗೌರವ.

ದಸರಾಕ್ಕೆ ಒಂದು ವಾರ ಇದ್ದಾಗ ಊಟದ ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟ. ಒಳಗೆ ನಾಲ್ಕು ಹಿತ್ತಾಳೆ ಚಕ್ರ, ನಾಲ್ಕಾಣೆ ಬಿಲ್ಲೆಗಿಂತ ಚಿಕ್ಕವು. ನಾಲ್ಕಕ್ಕೂ ತುಟಿ. ಉಳಿದ ತುಂಡು ಹಿತ್ತಾಳೆಯಲ್ಲಿ ಮಧ್ಯಾಹ್ನದ ಊಟ ಬಿಟ್ಟು ಮಾಡಿದ್ದ. ಇನ್ನೂ ಎಣ್ಣೆಯ ವಾಸನೆ, ಸ್ವಲ್ಪ ಹುಳಿಯ ವಾಸನೆಯೂ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟಳೆ ಇತ್ತು. ಹಿತ್ತಾಳೆಯ ಚೂರು, ಪುಡಿ, ಏನೇ ಉಳಿದರೂ ಡ್ರಮ್ಮಿಗೆ ಬೀಳಬೇಕು, ಹೊರಗೆ ಹೋಗಕೂಡದು. ಒಬ್ಬ ಸೌಟಿಗೆ ಹಿಡಿ, ಇನ್ನೊಬ್ಬ ಬುಗುರಿಗೆ ಮೊಳೆ, ಎಲ್ಲರೂ ಮಾಡಿಕೊಳ್ಳುತ್ತಿದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆಯುಧಪೂಜೆಯ ದಿನ ಕೆಲಸದವರ ಹೆಂಡತಿ ಮಕ್ಕಳಿಗೂ ಕಾರ್ಖಾನೆಯ ಬಾಗಿಲು ತೆರೆಯುತ್ತಿತ್ತು. ಹೊರಡುವಾಗ ನಾನು ಚಕ್ರ ಕೂರಿಸಿದ್ದ ನನ್ನ ಗೂಡ್ಸ್ ಡಬ್ಬಿ ಎತ್ತಿಕೊಂಡೆ.

"ಅದನ್ನ ಮನೇಲೇ ಇಡು," ಅಂದ ಅಪ್ಪ.

"ಯಾಕೆ? ಸೈಕಲ್ಲಿಗೆ ಪೂಜೆ ಮಾಡ್ತೀಯ. ಯಾಕ್ ಮಾಡ್ತೀಯ? ಚಕ್ರ ಇದೆ, ಗಾಡಿ ಅಂತ. ಇದಕ್ಕೂ ಚಕ್ರ ಇದೆ. ಇದೂ ಗಾಡಿ."

"ಅದು ಆಟದ್ದು ಕಣೇ."

"ಹಾಗಾದ್ರೆ ಅಮ್ಮ ನವರಾತ್ರೀಲಿ ಬೊಂಬೆಗೆ ಯಾಕೆ ಆರತಿ ಎತ್ತಿದ್ಲು? ಬೊಂಬೆ ಆಟದ್ದಲ್ವಾ?"

ಅಮ್ಮ ಹೂವು ಕಟ್ಟುತ್ತಾ, "ತಗೊಂಡ್ ಬರ್ಲಿ ಬಿಡೀಂದ್ರೆ, ಮಗು ಆಸೆ," ಅಂದಳು.

"ಬೇಡ ಅಂದ್ರೆ ಬೇಡ."

"ಕಾರಣ ಹೇಳು, ಸುಮ್ನೆ ಕೂಗ್ಬೇಡ," ಅಂದೆ.

ಅಪ್ಪ ನನ್ನನ್ನೇ ನೋಡಿದ. ಅವನ ಹತ್ತಿರ ಕಾರಣ ಇತ್ತು. ಅದನ್ನು ಮಗಳ ಎದುರಿಗೆ ಹೇಳಬೇಕಾದರೆ, ಹಿತ್ತಾಳೆಯನ್ನು ಯಾರನ್ನೂ ಕೇಳದೆ ತಂದೆ ಅಂತ ಬಾಯಿಬಿಟ್ಟು ಹೇಳಬೇಕಿತ್ತು. "ಸರಿ, ಸೋತೆ. ನಡಿ," ಅಂದ. ನಾನು ಕುಣಿದೆ.

ಕಾರ್ಖಾನೆಯ ತುಂಬ ಬಾಳೆಕಂದು, ಮಾವಿನೆಲೆ, ಕಡ್ಲೆಪುರಿಯ ರಾಶಿ. ಎಲ್ಲರೂ ಅವರವರ ಯಂತ್ರ ತೊಳೆದು ವಿಭೂತಿ, ಕುಂಕುಮ ಇಟ್ಟಿದ್ದರು. ಅಪ್ಪನ ಲೇತಿನ ಪಕ್ಕ ನನ್ನ ಡಬ್ಬಿ ಇಟ್ಟು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿನ ಚೂರು ಇಟ್ಟೆ. ಅಷ್ಟರಲ್ಲಿ ಓನರ್ರು ಎಲ್ಲ ಯಂತ್ರಗಳಿಗೂ ಮಂಗಳಾರತಿ ಮುಗಿಸಿ ಬಂದರು. ಬಿಳೀ ಪಂಚೆ, ಹಣೆ ತುಂಬ ಕುಂಕುಮ, ನಗುಮುಖ. ಡಬ್ಬಿ ಕೈಗೆತ್ತಿಕೊಂಡರು.

"ಚಕ್ರ ಎಲ್ಲಿ ಸಿಕ್ತು ಪುಟ್ಟೀ? ಪೇಟೇಲಾ?"

ಪೇಟೆಯಲ್ಲಿ ಅಂದಿದ್ದರೆ ಮುಗಿದಿತ್ತು. ನನಗೆ ಅಪ್ಪನ ಕೈಚಳಕ ಪೇಟೆಯ ಪಾಲಾಗುವುದನ್ನು ಸಹಿಸಲಾಗಲಿಲ್ಲ. "ಪೇಟೇಲಿ ಇಂಥದ್ದು ಸಿಗಲ್ಲ ಸಾರ್. ನಮ್ಮಪ್ಪ ಮಾಡಿದ್ದು. ಇದೇ ಲೇತಲ್ಲಿ. ಮಿಕ್ಕಿದ್ದ ಹಿತ್ತಾಳೇಲಿ, ಊಟದ ಹೊತ್ತಲ್ಲಿ. ತುಟಿ ನೋಡಿ ಸಾರ್, ನಾಲ್ಕೂ ಒಂದೇ ಸಮ."

ಅಪ್ಪ ಬೂದುಗುಂಬಳಕಾಯಿ ಕೈಯಲ್ಲಿ ಹಿಡಿದು ನಿಂತಿದ್ದ. ಸುತ್ತ ಇದ್ದವರು ಕಡ್ಲೆಪುರಿ ಜಗಿಯುವುದು ನಿಲ್ಲಿಸಿದರು.

"ಜಾಣೆ," ಅಂದರು ಓನರ್ರು. "ಎಲ್ಲಾ ಬಿಡಿಸಿ ಹೇಳ್ತಾಳೆ." ನನ್ನ ಲಂಗದ ಮಡಿಲಿಗೆ ಇನ್ನೊಂದು ಬೊಗಸೆ ಕಡ್ಲೆಪುರಿ ಸುರಿದರು. ದಾರಿಯುದ್ದಕ್ಕೂ ತಿಂದುಕೊಂಡು ಬಂದೆ. ಅಪ್ಪನಿಗೂ ಕೊಟ್ಟೆ. ಬೇಡ ಅಂದ.

ಹಬ್ಬ ಕಳೆದು ಕೆಲಸಕ್ಕೆ ಹೋದ ದಿನ ಅಪ್ಪನನ್ನು ಲೇತಿನಿಂದ ಇಳಿಸಿದರು. ಕೆಲಸದಿಂದ ತೆಗೆಯಲಿಲ್ಲ. "ಮಗೂ ಮುಖ ನೋಡಿ ಬಿಟ್ಟಿದೀನಿ," ಅಂದರಂತೆ. ಅರ ಹಿಡಿದು, ಬೇರೆಯವರು ಕಡೆದ ಸಾಮಾನಿನ ಅಂಚು ಉಜ್ಜುವ ಕೆಲಸಕ್ಕೆ ಕೂರಿಸಿದರು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು. ಆ ಓನರ್ ಮನೆಯ ದೀಪದ ಕಂಬಗಳನ್ನು ಅದೇ ಲೇತಿನಲ್ಲಿ, ಕಾರ್ಖಾನೆಯ ಹೊತ್ತಿನಲ್ಲೇ, ಕಡೆದುಕೊಟ್ಟವನು ಅಪ್ಪ. ಅದಕ್ಕೆ ಯಾವ ಕಟ್ಟಳೆಯೂ ಅಡ್ಡ ಬಂದಿರಲಿಲ್ಲ. ಇಷ್ಟು ಸಣ್ಣ ವಾದ ಹೂಡಲು ಆ ದಿನ ಅಲ್ಲಿ ಒಬ್ಬರಿಗೂ ಬಾಯಿ ಇರಲಿಲ್ಲ. ಬಾಯಿ ಇದ್ದವಳು ನಾನೊಬ್ಬಳೇ, ಅದನ್ನು ಎಲ್ಲಿ ಖರ್ಚು ಮಾಡಿದೆ ಅಂತ ನೋಡಿದಿರಲ್ಲ.

ಸಂಜೆ ಅಪ್ಪ ಡಬ್ಬಿ ತರಲು ಹೇಳಿದ. ಇಕ್ಕಳ ಹಿಡಿದು, ಹಲಗೆಗೆ ಗೀರು ಕೂಡ ಬೀಳದ ಹಾಗೆ, ಒಂದೊಂದೇ ಚಕ್ರ ಬಿಡಿಸಿದ.

"ನಾಳೆ ಡ್ರಮ್ಮಿಗೆ ಹಾಕ್ಬೇಕು. ಅವರದು ಕಣೇ."

"ಅದು ಹೆಂಗೆ ಅವರದು? ಹಿತ್ತಾಳೆ ಅವರದು ಸರಿ. ಊಟ ಬಿಟ್ಟವನು ನೀನು. ಕೈ ನಿಂದು. ಬೇಕಾದ್ರೆ ಹಿತ್ತಾಳೆ ಪುಡಿ ಮಾಡಿ ವಾಪಸ್ ಕೊಡೋಣ, ಚಕ್ರ ಯಾಕೆ ಕೊಡ್ಬೇಕು?"

ನನ್ನ ಆಯುಷ್ಯದಲ್ಲಿ ನಾನು ಹೂಡಿದ ಒಳ್ಳೆಯ ವಾದಗಳಲ್ಲಿ ಅದೂ ಒಂದು. ಉಲ್ಟಾ ಏನು ಹೇಳುತ್ತಾನೆ ಅಂತ ಕಾದೆ.

"ಹೂಂ ಕಣವ್ವ. ನೀನು ಹೇಳೋದು ಸರಿ," ಅಂದ. ಚಕ್ರಗಳನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ.

ಈಗ ಆ ರಾಗಿ ಹೊಲಗಳಿಲ್ಲ. ಮುಖ್ಯರಸ್ತೆಯ ಅಂಗಡಿಯಲ್ಲಿ ತಗಡಿನ ರೈಲು ಬೇಕಾದಷ್ಟು ಸಿಗುತ್ತದೆ, ಚಕ್ರಕ್ಕೆ ತುಟಿಯೂ ಇರುತ್ತದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತೆ, ಗೆದ್ದೆ, ಢಾಲುಗಳನ್ನು ತಂದು ಮನೆಯಲ್ಲಿಟ್ಟೆ. ಅಪ್ಪ ಒರೆಸಿ ಇಡುತ್ತಾನೆ. ಆ ಚಕ್ರದ ಮಾತಿಗೆ ಬೈದರೆ ಇರಲಿ ಅಂತ ಅಂದಿನಿಂದ ಎಷ್ಟು ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದೇನೋ, ಒಂದೂ ಬೇಕಾಗಲಿಲ್ಲ. ಊಟಕ್ಕೆ ಕೂತಾಗ ಒಂದೊಂದು ಸಲ ಬೇಕಂತಲೇ ಮೂರ್ಖತನದ ಮಾತು ಎತ್ತುತ್ತೇನೆ. ಬದನೆಕಾಯಿಯಂಥ ಕೆಟ್ಟ ತರಕಾರಿ ಇನ್ನೊಂದಿಲ್ಲ ಅನ್ನುತ್ತೇನೆ. ಕಾರಣ ಕೇಳಲಿ ಅಂತ ಕಾಯುತ್ತೇನೆ.

"ಹೂಂ ಕಣವ್ವ," ಅನ್ನುತ್ತಾನೆ ಅಪ್ಪ, ಅನ್ನ ಕಲಸುತ್ತಾ. "ನೀನು ಹೇಳೋದು ಸರಿ."