ಎಡಗಡೆ ಖಾಲಿ

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ 'ಕನ್ನಡಿ ಮೇಷ್ಟ್ರು' ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಮೊದಲ ದಿನ ಅವರು ಯಾರಿಗೂ ಕೀಲಿ ತಿರುಗಿಸಲು ಬಿಡುತ್ತಿರಲಿಲ್ಲ. ಕಾರು ಶಾಲೆಯ ಅಂಗಳದಲ್ಲಿ ನಿಂತಲ್ಲೇ ನಿಂತಿರುತ್ತಿತ್ತು. ಕಲಿಯಲು ಬಂದವರು ಒಳಗೆ ಕೂತು ಕನ್ನಡಿ ಸರಿಮಾಡಬೇಕು, ಅಷ್ಟೇ. ಗೇರು ಹಿಡಿಯುವ ಆಸೆಯಿಂದ ಬಂದವರಿಗೆ ಇದು ಊಟಕ್ಕೆ ಕರೆದು ಬರೀ ಕೈ ತೊಳೆಸಿ ಕಳಿಸಿದ ಹಾಗಾಗುತ್ತಿತ್ತು.

"ಒಳಗಿನ ಕನ್ನಡೀಲಿ ಹಿಂದಿನ ಗಾಜು ಪೂರ್ತಿ ಕಾಣ್ಬೇಕು. ತಲೆ ಅಲ್ಲಾಡಿಸ್ಬೇಡಿ, ಕಣ್ಣು ಮಾತ್ರ ಹೋಗ್ಲಿ. ನಿಮ್ಮ ಮುಖ ಕಂಡ್ರೆ ಅದು ಕಾರಿನ ಕನ್ನಡಿ ಅಲ್ಲ, ಬಚ್ಚಲಮನೆ ಕನ್ನಡಿ" ಎನ್ನುತ್ತಿದ್ದರು. ಹೊರಗಿನ ಎರಡು ಕನ್ನಡಿಗಳಲ್ಲಿ ಸ್ವಂತ ಕಾರಿನ ಮೈ ಒಂದು ಬೆರಳಿನಷ್ಟು ಕಂಡರೆ ಸಾಕು, ಮಿಕ್ಕದ್ದೆಲ್ಲ ರಸ್ತೆಗೆ. ಹೊಸಬರು ಮಾತ್ರ ಅರ್ಧ ಕನ್ನಡಿಯನ್ನು ತಮ್ಮ ಬಾಗಿಲಿಗೇ ಕೊಟ್ಟು ಕೂರುತ್ತಿದ್ದರು. "ನಿಮ್ಮ ಬಾಗಿಲು ಎಲ್ಲಿಗೂ ಓಡಿಹೋಗಲ್ಲ, ಅದನ್ನ ಕಾಯ್ಬೇಡಿ" ಎಂದು ಮೇಷ್ಟ್ರು ನಗದೆ ಹೇಳುತ್ತಿದ್ದರು.

ಇದಾದ ಮೇಲೆ ನಿಜವಾದ ಪಾಠ. ಮೂರೂ ಕನ್ನಡಿ ಎಷ್ಟೇ ಸರಿಯಾಗಿದ್ದರೂ ಕಾರಿನ ಎರಡು ಪಕ್ಕದಲ್ಲಿ, ಹಿಂದಿನ ಬಾಗಿಲಿನ ಹತ್ತಿರ, ಯಾವ ಕನ್ನಡಿಗೂ ಸಿಗದ ಒಂದು ಜಾಗ ಉಳಿಯುತ್ತದೆ. ಬೇರೆಯವರು ಅದನ್ನು ಬ್ಲೈಂಡ್ ಸ್ಪಾಟ್ ಅಂದರೆ ಮೇಷ್ಟ್ರು ಮಾಯದ ಜಾಗ ಅನ್ನುತ್ತಿದ್ದರು. ಅಲ್ಲಿಗೆ ಬಂದ ಸೈಕಲ್ಲು, ಸ್ಕೂಟರು, ಒಮ್ಮೊಮ್ಮೆ ಇಡೀ ಕಾರೇ ಮಾಯ. ಅದಕ್ಕೆ ಮದ್ದು ಒಂದೇ: ಕತ್ತು ತಿರುಗಿಸಿ ಹೆಗಲ ಮೇಲಿಂದ ನೋಡುವುದು. ಹಾಗೆ ನೋಡದವರನ್ನು ಮೇಷ್ಟ್ರು ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಮೇಷ್ಟ್ರಿಗೆ ಬೇಕಾದವರೇ, ಕತ್ತು ಹಿಡಿದುಕೊಂಡಿದೆ ಎಂದು ನೆಪ ಹೇಳಿದಾಗ, "ಕಾರು ಮಾರಿಬಿಡಿ, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅವರು ಆಮೇಲೆ ಮೇಷ್ಟ್ರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗಿಬಿಡುತ್ತಿದ್ದರು.

ಹೀಗಿದ್ದ ಮೇಷ್ಟ್ರಿಗೆ ಅವರ ಕತ್ತೇ ಕೈಕೊಟ್ಟಿತು.

ಒಂದೇ ದಿನದಲ್ಲಿ ಆದದ್ದಲ್ಲ. ಮೊದಮೊದಲು ಎಡಕ್ಕೆ ತಿರುಗಿದರೆ ಚುಳ್ಳೆನ್ನುತ್ತಿತ್ತು. ಆಮೇಲೆ ಅರ್ಧಕ್ಕೆ ನಿಂತಿತು. ಆಮೇಲೆ ಅಷ್ಟೂ ಇಲ್ಲ. ಬಲಕ್ಕೆ ಏನೂ ತೊಂದರೆಯಿರಲಿಲ್ಲ. "ಮೂಳೆ ಸವೆದಿದೆ. ನೋವಿಗೆ ಮಾತ್ರೆ ಕೊಡ್ಬಹುದು, ತಿರುಗೋದಕ್ಕೆ ಮಾತ್ರೆ ಇಲ್ಲ" ಎಂದರು ಡಾಕ್ಟರು. ಮೇಷ್ಟ್ರು ಕೂರುತ್ತಿದ್ದದ್ದು ಕಾರಿನ ಎಡಗಡೆ ಸೀಟಿನಲ್ಲಿ, ಕಾಲಡಿಯಲ್ಲಿ ಇನ್ನೊಂದು ಬ್ರೇಕು ಇಟ್ಟುಕೊಂಡು. ಕಾರು ಎಡಕ್ಕೆ ಹೊರಳುವ ಮುಂಚೆ ಆ ಪಕ್ಕವನ್ನು ನೋಡುವುದು ಅವರ ಕೆಲಸ. ಹೆಚ್ಚುಕಡಿಮೆ ಅದೊಂದೇ ಅವರ ಕೆಲಸ.

ಈ ವಿಷಯ ಮನೆಯಲ್ಲಿ ಮುಚ್ಚಿಡಲು ಆಗಲಿಲ್ಲ. ಹೆಂಡತಿ ಬಟ್ಟೆ ಹೊಲಿಯುವವರು. ಒಂದು ದಿನ ಗಂಡನ ಹಳೇ ಶರಟನ್ನು ಬೆಳಕಿಗೆ ಹಿಡಿದು, "ಕಾಲರು ಬಲಗಡೆ ಮಾತ್ರ ಸವೀತಿದೆ. ಎಡಗಡೆ ಹೊಸದಿದ್ದ ಹಾಗೇ ಇದೆ. ಶಾಲೆ ಯಜಮಾನರಿಗೆ ಹೇಳಿಬಿಡಿ" ಎಂದರು.

"ಹೇಳಿದ್ರೆ ಸೀಟು ಹೋಗತ್ತೆ."

"ಹೋದ್ರೆ ಹೋಗ್ಲಿ. ಮನೇಲಿ ಕುರ್ಚಿ ಇಲ್ವಾ?"

"ಕುರ್ಚಿಗೆ ಬ್ರೇಕಿಲ್ಲ" ಎಂದರು ಮೇಷ್ಟ್ರು. ತಮಾಷೆಗೆ ಹೇಳಿದ್ದಲ್ಲ. ಆ ಸೀಟೆಂದರೆ ಅವರಿಗೆ ಪ್ರಾಣ. ಕೈ ನಡುಗುತ್ತಾ ಬಂದವರು ಅವರ ಪಕ್ಕದಲ್ಲೇ ಕೂತು ಕೂತು ಒಂದು ದಿನ ಶಿಳ್ಳೆ ಹಾಕುತ್ತಾ ಓಡಿಸುವವರಾಗುತ್ತಿದ್ದರು. ಅದನ್ನು ಬಿಟ್ಟು ಬದುಕುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಅದಕ್ಕೆ ಅವರೊಂದು ಉಪಾಯ ಹೂಡಿದರು. ಎಡಕ್ಕೆ ತಿರುಗುವಾಗಲೆಲ್ಲ ಕಲಿಯುವವರನ್ನೇ ಕೇಳುವುದು: "ಎಡಗಡೆ ಏನಿದೆ? ನೋಡಿ, ಬಾಯಿಬಿಟ್ಟು ಹೇಳಿ." ಅವರು ಕತ್ತು ತಿರುಗಿಸಿ, "ಸ್ಕೂಟರ್ ಒಂದು ಬರ್ತಿದೆ" ಅಂತಲೋ "ಎಡಗಡೆ ಖಾಲಿ ಸಾರ್" ಅಂತಲೋ ಹೇಳುವರು. ಮೇಷ್ಟ್ರು ಕಿವಿಯಿಂದ ನೋಡುವರು. ಇದರಿಂದ ಒಳ್ಳೆಯದೇ ಆಯಿತು. ಯಾರೂ ಕತ್ತು ತಿರುಗಿಸುವುದನ್ನು ಮರೆಯಲಿಲ್ಲ, ಪರೀಕ್ಷೆಯಲ್ಲಿ ಪಾಸಾಗುವವರು ಹೆಚ್ಚಿದರು. ತಂದೆಯಿಂದ ಶಾಲೆ ವಹಿಸಿಕೊಂಡಿದ್ದ, ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಬಹಳ ಚಿಕ್ಕವನಾದ ಯಜಮಾನನಿಗೆ ಇದು ಹಿಡಿಸಿಹೋಯಿತು. "ಎಲ್ಲಿಂದ ಹೊಳೀತು ಮೇಷ್ಟ್ರೇ ನಿಮಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, 'ನೋಡಿ ಹೇಳುವ ವಿಶೇಷ ವಿಧಾನ' ಎಂದು ಶಾಲೆಯ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಬರೆಸಿದ. ಮೇಷ್ಟ್ರು ದಿನಾ ಅದರ ಕೆಳಗೆ ತಲೆ ಎತ್ತದೆ ಹಾದುಹೋಗುತ್ತಿದ್ದರು. ಅವರಿಗೆ ನಾಚಿಕೆಯಾಗುತ್ತಿತ್ತು, ಆದರೆ ನಿಜ ಹೇಳಿಬಿಡುವಷ್ಟು ಆಗುತ್ತಿರಲಿಲ್ಲ.

ಆಗ ಕಲಿಯಲು ಬಂದವರು ಔಷಧಿ ಅಂಗಡಿಯ ಮೇಡಂ. ನಲವತ್ತು ದಾಟಿದ ಹೆಂಗಸು. ವಯಸ್ಸಾದ ತಾಯಿಯನ್ನು ವಾರವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಪ್ರತಿ ಸಲವೂ ತಮ್ಮನ ಹತ್ತಿರ ಹಲ್ಲು ಗಿಂಜಬೇಕಾಗಿತ್ತು. ಅಂಗಡಿಯಲ್ಲಿ ಗಿರಾಕಿ ಬಾಯಿ ತೆರೆಯುವುದರೊಳಗೆ ಮಾತ್ರೆ ತೆಗೆದಿಡುವ ಚುರುಕು ಆಕೆಯದು. ಇಲ್ಲೂ ಹಾಗೆಯೇ. ಮೇಷ್ಟ್ರು "ಎಡಗಡೆ" ಅನ್ನುವಷ್ಟರಲ್ಲಿ "ಖಾಲಿ ಸಾರ್" ಬಂದುಬಿಡುತ್ತಿತ್ತು. ಇಷ್ಟು ಬೇಗ ಹೇಗೆ ನೋಡಿದರು ಎಂದು ಬೇರೆ ಕಾಲದಲ್ಲಾಗಿದ್ದರೆ ಮೇಷ್ಟ್ರು ಕೇಳುತ್ತಿದ್ದರು. ಈಗ ಕೇಳಲಿಲ್ಲ. ಒಳ್ಳೆಯ ಶಿಷ್ಯೆ ಎಂದುಕೊಂಡರು.

ಪ್ರಿಂಟಿಂಗ್ ಪ್ರೆಸ್ಸಿನ ಪಕ್ಕದ ಓಣಿಗೆ ತಿರುಗುವಾಗ ಅದು ಆಯಿತು. ಮೇಡಂ ಸಿಗ್ನಲ್ ಹಾಕಿದ್ದರು, ಕನ್ನಡಿ ನೋಡಿದ್ದರು.

"ಎಡಗಡೆ?"

"ಖಾಲಿ ಸಾರ್."

ಕಾರು ಹೊರಳಿತು. ಪಕ್ಕದಲ್ಲಿ ತಗಡು ಬಡಿದ ಸದ್ದು. ಮೇಷ್ಟ್ರು ಬ್ರೇಕ್ ಒತ್ತಿದಾಗ ಶಾಲೆಯ ಚೀಲ ಹೊತ್ತ ಒಬ್ಬ ಹುಡುಗಿ ಸೈಕಲ್ ಸಮೇತ ರಸ್ತೆ ಬದಿಯ ಮರಳಿನ ಮೇಲೆ ಬಿದ್ದಿದ್ದಳು. ಪುಣ್ಯಕ್ಕೆ ಮರಳಿತ್ತು. ಮೊಣಕೈ ತರಚಿತ್ತು, ಮುಂದಿನ ಚಕ್ರ ಸೊಟ್ಟಗಾಗಿತ್ತು, ಬೇರೇನೂ ಆಗಿರಲಿಲ್ಲ. ಮೇಷ್ಟ್ರು ಇಳಿದು ಹೋಗಿ ಅವಳನ್ನು ಎಬ್ಬಿಸಿದರು. ಹುಡುಗಿ ಮರಳು ಕೊಡವಿಕೊಂಡು ಕಾರಿನ ನೆತ್ತಿಯ ಫಲಕ ನೋಡಿದಳು. "ಕಲಿಯೋರು ಅಂತ ಬರ್ದಿದೆ, ಸರಿ. ಕಲಿಸೋರು ಯಾರೂ ಇರ್ಲಿಲ್ವಾ ಒಳಗೆ?" ಎಂದಳು.

ಮೇಷ್ಟ್ರು ಬಗ್ಗಿ ಅವಳ ಸೈಕಲ್ ಎತ್ತಿ ನಿಲ್ಲಿಸಿದರು.

ಯಜಮಾನ ಬಂದ. ಹುಡುಗಿಯ ಮೊಣಕೈಗೆ ಪಟ್ಟಿ ಹಾಕಿಸಿ, ಚಕ್ರ ರಿಪೇರಿಗೆ ಕೊಟ್ಟು, ಅವಳನ್ನು ಮನೆಗೆ ಮುಟ್ಟಿಸಿ, ಆಮೇಲೆ ಶಾಲೆಗೆ ಬಂದು ಮೇಡಂ ಕಡೆ ತಿರುಗಿದ. "ಬೇಜಾರು ಮಾಡ್ಕೋಬೇಡಿ ಮೇಡಂ. ಡ್ರೈವಿಂಗು ಎಲ್ಲರಿಗೂ ಒಗ್ಗಲ್ಲ." ಮೇಡಂ ತಲೆಯಾಡಿಸಿದರು. "ನನಗೂ ಹಾಗೇ ಅನ್ಸತ್ತೆ. ಇನ್ಮೇಲೆ ಸ್ಟೇರಿಂಗ್ ಮುಟ್ಟಲ್ಲ. ಅಮ್ಮನ್ನ ಹೇಗೋ ಕರ್ಕೊಂಡು ಹೋಗ್ತೀನಿ" ಎಂದು ಚೀಲ ತೆಗೆದುಕೊಂಡು ನಡೆದುಬಿಟ್ಟರು. ಎಲ್ಲವೂ ತಾನಾಗಿಯೇ ಮೇಷ್ಟ್ರ ಪರವಾಗಿ ನಡೆದುಹೋಯಿತು. ಅವರು ಮಾಡಬೇಕಾಗಿದ್ದದ್ದು ಬಾಯಿ ಮುಚ್ಚಿಕೊಂಡಿರುವುದು ಮಾತ್ರ, ಅದನ್ನು ಆ ಸಂಜೆಯೆಲ್ಲ ಚೆನ್ನಾಗಿಯೇ ಮಾಡಿದರು.

ಮಾರನೆಯ ದಿನ ಬೆಳಿಗ್ಗೆ ಅವರು ಔಷಧಿ ಅಂಗಡಿಯ ಮುಂದೆ ನಿಂತಿದ್ದರು.

"ಕತ್ತಿನ ನೋವಿಗೆ ಒಂದು ಮುಲಾಮು ಕೊಡಿ."

"ಯಾವ ಕಡೆ ಸಾರ್?" ಮೇಡಂ ಮುಖ ಬಾಡಿತ್ತು, ಅಭ್ಯಾಸಬಲದಿಂದ ಕೇಳಿದರು.

ಮೇಷ್ಟ್ರು ಎಡಕ್ಕೆ ತಿರುಗಲು ಹೋದರು. ಗದ್ದ ಶರಟಿನ ಗುಂಡಿಯನ್ನು ದಾಟಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಿದರು. ಮೇಡಂ ಮುಲಾಮಿನ ಟ್ಯೂಬು ಕೈಯಲ್ಲಿ ಹಿಡಿದು ಹಾಗೇ ನಿಂತರು.

"ಎಷ್ಟು ದಿನದಿಂದ ಹೀಗೆ?"

"ಬಹಳ ದಿನದಿಂದ."

"ಹಾಗಾದ್ರೆ ನಾನು ಖಾಲಿ ಅಂದಾಗ ನೀವು ನೋಡಿರ್ಲಿಲ್ಲ."

"ಇಲ್ಲ. ನೀವು ನೋಡಿದ್ರಾ?"

ಮೇಡಂ ಕೈಯಲ್ಲಿದ್ದ ಟ್ಯೂಬನ್ನು ನೋಡಿದರು. "ಇಲ್ಲ. ಏನಾದ್ರೂ ಇದ್ರೆ ನೀವು ಬ್ರೇಕ್ ಹಾಕೇ ಹಾಕ್ತೀರ ಅಂದ್ಕೊಂಡಿದ್ದೆ."

"ನೀವು ಖಾಲಿ ಅಂದ್ರಿ ಅಂತ ನಾನು ಹಾಕ್ಲಿಲ್ಲ."

ಕೆಮ್ಮಿನ ಔಷಧಿಗೆ ಬಂದು ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ಜ್ಞಾಪಿಸುವಂತೆ ಕೆಮ್ಮಿದರು. ಮೇಡಂ ಅವರ ಕಡೆ ನೋಡಲಿಲ್ಲ. ಆಕೆಗೆ ಸಿಟ್ಟು ನೆತ್ತಿಗೇರಿತ್ತು, ದನಿ ಮಾತ್ರ ಏರಿಸಲಿಲ್ಲ. "ಯಾರ ಮಗೂನೋ ಕೊಂದುಬಿಡ್ತಿದ್ದೆ ಅಂತ ನನಗೆ ಕಣ್ಣಿಗೆ ನಿದ್ದೆ ಹತ್ತಿಲ್ಲ ಸಾರ್. ಯಜಮಾನರು ನನಗೆ ಒಗ್ಗಲ್ಲ ಅಂದಾಗ ನೀವು ಅಲ್ಲೇ ನಿಂತು ಕೇಳಿಸ್ಕೊಂಡ್ರಿ. ಒಂದು ಮಾತು ಆಡ್ಲಿಲ್ಲ."

"ತಪ್ಪು ನಂದು" ಎಂದರು ಮೇಷ್ಟ್ರು. "ನೀವು ಕಲಿಯೋಕೆ ಬಂದಿದ್ರಿ. ನೋಡಬೇಕಾದವನು ನಾನು."

ಮೇಡಂ ಮುಲಾಮನ್ನು ಅವರ ಮುಂದಿಟ್ಟು, "ಇದು ನೋವಿಗೆ ಮಾತ್ರ" ಎಂದರು.

ಅಲ್ಲಿಂದ ಮೇಷ್ಟ್ರು ನೇರ ಯಜಮಾನನ ಹತ್ತಿರ ಹೋಗಿ ಎಲ್ಲ ಹೇಳಿದರು. ಯಜಮಾನ ಬಹಳ ಹೊತ್ತು ಬೋರ್ಡಿನ ಬಣ್ಣದ ಬಗ್ಗೆಯೇ ಯೋಚಿಸುತ್ತಿದ್ದ ಹಾಗಿತ್ತು. ಆಮೇಲೆ ಕೈ ಚಾಚಿದ. ಮೇಷ್ಟ್ರು ಕಾರಿನ ಕೀಲಿ ಕೊಟ್ಟರು. ಎಡಗಡೆ ಸೀಟಿಗೆ ಹೊಸಬನೊಬ್ಬ ಬಂದ. ಮನೆಗೆ ನಡೆಯುವಾಗ ಮೇಷ್ಟ್ರಿಗೆ ಅಳು ಬಂತು, ದಾರಿಯಲ್ಲಿ ಪರಿಚಯದವರು ಸಿಕ್ಕಿದ್ದರಿಂದ ಅದನ್ನೂ ನುಂಗಿಕೊಂಡರು. ಹೆಂಡತಿಗೆ ವಿಷಯ ಹೇಳಿದಾಗ ಆಕೆ, "ಒಳ್ಳೇದಾಯ್ತು ಬಿಡಿ" ಎಂದರು. ಹಾಗೆಂದು ಹೊಲಿಗೆ ನಿಲ್ಲಿಸಿ ಗಂಡನ ಪಕ್ಕ ಬಂದು ಕೂತರು, ಬಲಗಡೆಗೆ.

ವಾರ ಕಳೆದ ಮೇಲೆ ಶಾಲೆಯಿಂದ ಕರೆ ಬಂತು. ಮೇಡಂ ಮತ್ತೆ ಕಲಿಯಲು ಬಂದಿದ್ದರು. ಓಡಿಸುವುದನ್ನು ಹೊಸಬನ ಹತ್ತಿರ ಕಲಿಯಲು ಒಪ್ಪಿದ್ದರು, ಆದರೆ ಮೊದಲ ಪಾಠ ಹಳೇ ಮೇಷ್ಟ್ರ ಹತ್ತಿರ ಇನ್ನೊಮ್ಮೆ ಆಗಬೇಕು ಎಂದು ಪಟ್ಟು ಹಿಡಿದಿದ್ದರು. ಮೇಷ್ಟ್ರು ಹೋದಾಗ ಕಾರು ಅಂಗಳದ ನಡುವೆ ನಿಂತಿತ್ತು, ಮೇಡಂ ಒಳಗೆ ಕೂತು ಕನ್ನಡಿಗಳನ್ನೆಲ್ಲ ಸರಿಮಾಡಿಕೊಂಡಿದ್ದರು. ಒಳಗೆ ಕೂರಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ. ಹಿಂದಕ್ಕೆ ಹೋಗಿ ಗೇಟಿನ ಹತ್ತಿರ ನಿಂತರು.

"ನಾನು ಎಡಗಡೆಯಿಂದ ನಡ್ಕೊಂಡು ಬರ್ತೀನಿ. ಕನ್ನಡೀಲಿ ಕಾಣೋವರೆಗೂ ಹೇಳ್ತಿರಿ."

ಮೇಷ್ಟ್ರು ನಿಧಾನವಾಗಿ ನಡೆದು ಬಂದರು.

"ಕಾಣ್ತಿದೀರ. ಕಾಣ್ತಿದೀರ. ಅರ್ಧ ಕಾಣ್ತಿದೀರ. ಈಗ ಕಾಣ್ತಿಲ್ಲ."

ಮೇಷ್ಟ್ರು ಅಲ್ಲೇ ನಿಂತರು. ಕೈ ಚಾಚಿದರೆ ಹಿಂದಿನ ಬಾಗಿಲು ಸಿಗುವಷ್ಟು ಹತ್ತಿರ. ಜೀವಮಾನವೆಲ್ಲ ಈ ಜಾಗದ ಬಗ್ಗೆ ಪಾಠ ಹೇಳಿದ್ದರು, ಅದರಲ್ಲಿ ಒಂದು ದಿನವೂ ನಿಂತಿರಲಿಲ್ಲ. ನಿಂತರೆ ಭಯವಾಗುತ್ತದೆ ಎಂದು ಈಗ ಗೊತ್ತಾಯಿತು. ಆ ಹುಡುಗಿಗೆ ಎಷ್ಟಾಗಿರಬೇಕು ಎಂದುಕೊಂಡರು.

ಒಳಗೆ ಮೇಡಂ ಕತ್ತು ತಿರುಗಿಸಿ, ಹೆಗಲ ಮೇಲಿಂದ ಅವರನ್ನು ನೋಡಿದರು. ಅವಸರವಿಲ್ಲದೆ ನೋಡಿದರು.

"ಅಲ್ಲೇ ಇರಿ ಸಾರ್, ಇನ್ನೊಂದು ಸಲ ನೋಡ್ತೀನಿ" ಎಂದರು.